ಬ್ರೇಕಿಗೆ ಕಟ್ಟಿದ ದಾರ

ಅಮಾವಾಸ್ಯೆ ಕಳೆದ ಮರುದಿನ ಮುಂಜಾನೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಮೊರದಲ್ಲಿ ಹಾಕಿ ಕೇರಿ, ಹರಳು ಆರಿಸಿ, ಹುಳ ಹಿಡಿದ ಕಾಳನ್ನು ಬದಿಗೆ ಸರಿಸುವ ಕೆಲಸ. ಕೈಗೆ ರೂಢಿಯಾದ ಕೆಲಸವಾದ್ದರಿಂದ ಬಾಯಿ ತನ್ನಷ್ಟಕ್ಕೆ ಎಲ್ಲಮ್ಮನ ಹೆಸರು ಹೇಳುತ್ತಿರುತ್ತದೆ. ಆಗ ಫೋನು ಬಂತು. ಗಂಜ್ ಮಾರುಕಟ್ಟೆಯ ಕಡೆ ಮಷಿನ್ ರಿಪೇರಿ ಅಂಗಡಿ ಇಟ್ಟಿರುವ ಮಿಸ್ತ್ರಿ. ನಮ್ಮ ಮನೆಯವರ ಮರ ಕೊಯ್ಯುವ ಚೈನ್ ಮಷಿನ್ ಅವರ ಕೈಯಲ್ಲೇ ರಿಪೇರಿಯಾಗುವುದು. ಆದರೆ ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ಭಾಬಿ, ಭಾಯಿ ಎಲ್ಲಿದ್ದಾರ್ರಿ? ಫೋನ್ ಎತ್ತವಲ್ರು.”

“ಬಾಗಲವಾಡಕ್ಕ ಹೋಗ್ಯಾರಲ್ರೀ. ಗಾಳಿಗೆ ಬೇವಿನ ಗಿಡ ಬಿದ್ದದಂತ, ಕಡಿಯಾಕ. ಯಾಕ್ರಿ?”

“ಮುಂಜಾನಿ ಚೈನ್ ಒಯ್ಯಾಕ ಅಂಗಡಿಗಿ ಬಂದಿದ್ರು. ನೋಡಿದ್ರ ಬ್ರೇಕಿಗೆ ದಾರ ಬಿಗದು ಕಟ್ಟ್ಯಾರ. ಮೊದಲು ಬಿಚ್ಚ್ರಿ ಅಂದೆ. ‘ಅವ್ವ ಕಟ್ಟ್ಯಾಳ, ಇರ್ಲಿ ಬಿಡು’ ಅಂತ ನಕ್ಕೋತ ಹೋದ್ರು. ಆವಾಗಿಂದ ನನಗ ಸಮಾಧಾನ ಇಲ್ಲ. ಹೋದ ವಾರ ದೇವದುರ್ಗದ ಕಡಿ ಒಬ್ಬಾತನ ಮಷಿನ್ ಒದ್ದು ದವಡಿಗೆ ಬಡದದ. ಅವಂದೂ ಬ್ರೇಕ್ ಕೆಟ್ಟಿತ್ತು. ಅದರಾಗ ಇದು ಬಿದ್ದ ಗಿಡ, ಭಾಬಿ. ಯಾವ ಟೊಂಗಿ ಎಲ್ಲಿ ಬಿಗದು ಕುಂತಿರ್ತದೋ ಗೊತ್ತಾಗಂಗಿಲ್ಲ. ನೀವಾರ ಹೇಳ್ರಿ.”

ದಾರಕ್ಕೂ ಬ್ರೇಕಿಗೂ ಏನು ಸಂಬಂಧ ಎಂದು ಕೇಳಿದೆ. ಅವರು ಬಿಡಿಸಿ ಹೇಳಿದರು. ಮಷಿನ್‌ನ ಮುಂದಿನ ಹಿಡಿಕೆಯ ಎದುರಿಗೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಗುರಾಣಿ ಎದ್ದು ನಿಂತಿರುತ್ತದೆ. ಕೈಗೆ ಚಕ್ಕೆ ಸಿಡಿಯದಿರಲೆಂದು ಇಟ್ಟದ್ದು ಎಂದೇ ನಾನು ತಿಳಿದಿದ್ದೆ. ಅದೇ ಬ್ರೇಕಂತೆ. ಚೈನು ಓಡುವ ಉದ್ದನೆಯ ಪಟ್ಟಿ ಇದೆಯಲ್ಲ, ಅದರ ಮೂತಿಯ ಮೇಲ್ಭಾಗ ಗಟ್ಟಿ ಟೊಂಗೆಗೆ ತಾಗಿತೆಂದರೆ ಇಡೀ ಮಷಿನ್ ಹಿಡಿದವನ ಮುಖದ ಕಡೆಗೇ ಎಗರಿ ಬರುತ್ತದೆ. ಎಗರಿದಾಗ ಮುಂಗೈ ಗುರಾಣಿಗೆ ಬಡಿಯುತ್ತದೆ, ಗುರಾಣಿ ಮುಂದಕ್ಕೆ ಬಾಗುತ್ತದೆ, ಬಾಗಿದೊಡನೆ ಚೈನು ನಿಲ್ಲುತ್ತದೆ. ಅದು ಬಾಗಲೇಬಾರದೆಂಬಂತೆ ಹಿಡಿಕೆಗೆ ಸೇರಿಸಿ ಕಟ್ಟಿದರೆ ಚೈನು ಓಡುತ್ತಲೇ ಇರುತ್ತದೆ.

ಮೊರ ತೊಡೆಯಿಂದ ಜಾರಿತು. ಮನೆಯವರಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಕೆಲಸದ ಹೊತ್ತಿನಲ್ಲಿ ಅವರು ಫೋನನ್ನು ಬೈಕಿನ ಚೀಲದಲ್ಲಿ ಇಟ್ಟುಬಿಡುತ್ತಾರೆ. ಮೈಮೇಲೆ ಇದ್ದರೂ ಆ ಮಷಿನ್‌ನ ಸದ್ದಿನಲ್ಲಿ ಕೇಳುವುದಿಲ್ಲ.

ನಮ್ಮ ಮನೆಯವರು ಮೊದಲು ಕೊಡಲಿ ಹಿಡಿದು ಜಾಲಿ ಕಡಿಯುತ್ತಿದ್ದವರು. ಮಾನ್ವಿ, ದೇವದುರ್ಗದ ಕಡೆ ಹೊಲದ ಬದು, ಕಾಲುವೆಯ ದಂಡೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿಯೇ ಆದ್ದರಿಂದ ಕೆಲಸಕ್ಕೆ ಬರವಿರಲಿಲ್ಲ, ಮೈಗೆ ಮಾತ್ರ ಬಿಡುವಿರಲಿಲ್ಲ. ಮಷಿನ್ ಬಂದ ಮೇಲೆ ಬೆನ್ನು ನೋವು ಕಡಿಮೆಯಾಯಿತು. ಅದೂ ಎಲ್ಲಮ್ಮ ತಾಯಿಯ ದಯೆಯೇ. ಮಷಿನನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ. ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸುತ್ತಾರೆ, ಬಿಸಿ ಮಷಿನಿಗೆ ಪೆಟ್ರೋಲ್ ಹಾಕುವುದಿಲ್ಲ, ಚೈನು ಸಡಿಲಾಗಿದೆಯೇ ಎಂದು ಬೆರಳಲ್ಲಿ ಎಳೆದು ನೋಡುತ್ತಾರೆ. ಅವರ ಅಂಗಿ ಒಗೆಯುವವಳು ನಾನಾದ್ದರಿಂದ ನನಗೂ ಸ್ವಲ್ಪ ತಿಳಿಯುತ್ತದೆ. ಜೇಬಿನಲ್ಲಿ ಅವಲಕ್ಕಿಯಂಥ ಚಕ್ಕೆ ಸಿಕ್ಕರೆ ಚೈನು ಹರಿತವಿದೆ. ಹಿಟ್ಟಿನಂಥ ಪುಡಿ ಸಿಕ್ಕರೆ ಮೊಂಡಾಗಿದೆ. “ಇವತ್ತ ಹಿಟ್ಟು ಬಂದದ ನೋಡ್ರಿ” ಎಂದರೆ ದುಂಡನೆಯ ಅರ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತು ಒಂದೊಂದೇ ಹಲ್ಲು ತೀಡುತ್ತಾರೆ. ಮೊಂಡು ಚೈನಿನ ಮೇಲೆ ಮನುಷ್ಯ ಭಾರ ಹಾಕುತ್ತಾನೆ, ಭಾರ ಹಾಕಿದಾಗಲೇ ಹಿಡಿತ ತಪ್ಪುವುದು ಎನ್ನುತ್ತಾರೆ. ಅಷ್ಟು ತಿಳಿದ ಮನುಷ್ಯ ದಾರವನ್ನು ಹೇಗೆ ಬಿಟ್ಟರು?

ಹೇಗೆಂದು ನನಗೆ ಗೊತ್ತಿತ್ತು. ಕಟ್ಟಿದವರು ನಮ್ಮ ಅತ್ತೆ.

ಅಮಾವಾಸ್ಯೆಗೆ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಬೈಕು, ಕೊಡಲಿ, ಹಗ್ಗ, ಮಷಿನ್ ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಇಟ್ಟು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಕಾಯಿ ಒಡೆಯುತ್ತೇವೆ. ಈ ಸಲ ಅತ್ತೆ ಮಗನ ಸಲುವಾಗಿ ಹರಕೆ ಹೊತ್ತು, ನೀರಮಾನ್ವಿಯ ಗುಡಿಗೆ ಹೋಗಿ ಎಲ್ಲಮ್ಮನ ಭಂಡಾರದ ಅರಿಶಿನದಲ್ಲಿ ಅದ್ದಿದ ದಾರ ತಂದಿದ್ದರು. ಆ ಮಷಿನ್‌ನ ಹಲ್ಲು ಕಂಡರೆ ಅವರಿಗೆ ಮೊದಲಿನಿಂದಲೂ ಅಂಜಿಕೆ. ಹಿಡಿಕೆಯ ಮುಂದೆ ಎದ್ದು ನಿಂತಿದ್ದ ಗುರಾಣಿ ಅವರ ಕಣ್ಣಿಗೆ ಹಣೆಯ ಹಾಗೆ ಕಂಡಿತು. ಹಣೆಗೇ ಕಟ್ಟಬೇಕೆಂದು ಗುರಾಣಿಯನ್ನೂ ಹಿಡಿಕೆಯನ್ನೂ ಸೇರಿಸಿ ಸುತ್ತಿ ಸುತ್ತಿ ಜಗ್ಗಿ ಗಂಟು ಹಾಕಿದರು. ಹರಕೆಯ ದಾರಕ್ಕೆ ಕಟ್ಟಳೆ ಇದೆ. ಕಬ್ಬಿಣ ಮುಟ್ಟಿಸಿ ಹರಿಯಬಾರದು. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆ ಯಾರು ಬಿಚ್ಚಿದರೂ ಹರಕೆ ಹೊತ್ತವರಿಗೆ ಒಳ್ಳೆಯದಲ್ಲ.

ಅತ್ತೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು.

“ಅತ್ತಿ, ನೀವು ಕಟ್ಟಿದ ದಾರ ಬಿಚ್ಚಬೇಕಂತ್ರಿ.”

“ಯಾವಾಕಿ ಅಂದಾಕಿ?”

“ಆಕಿ ಅಲ್ರೀ, ಮಿಸ್ತ್ರಿ. ಬ್ರೇಕಿಗೆ ಅಡ್ಡ ಬಂದದಂತ.”

“ಕೇಡಿಗೆ ಅಡ್ಡ ಬರ್ಲಿ ಅಂತನಽ ಕಟ್ಟೀನಿ ಬೇ. ಎಲ್ಲಮ್ಮನ ದಾರ ನನ್ನ ಮಗಗ ಯಾಕ ಅಡ್ಡ ಬರ್ತದ?”

“ದೇವದುರ್ಗದ ಕಡಿ ಒಬ್ಬಾತನ ದವಡಿಗೆ ಬಡದದಂತ್ರಿ.”

“ಅಂವ ಪೂಜಿ ಮಾಡಿರಂಗಿಲ್ಲ,” ಎಂದು ಮತ್ತೆ ಕುಟ್ಟತೊಡಗಿದರು.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ಫೋನ್ ಹಚ್ಚಿದೆ, ಇಟ್ಟೆ. ಗುರಾಣಿ, ಪಟ್ಟಿ, ಮೂತಿ ಎಂದರೆ ಅವರಿಗೆ ತಿಳಿಯುವುದಿಲ್ಲ. ಅವರು ಬಂಡಿ ಹೊಡೆದ ಮನೆಯವರು ಎಂಬುದು ನೆನಪಾಯಿತು.

“ಅತ್ತಿ, ಬಂಡಿ ಇಳಿಜಾರಿಗೆ ಹೊಂಟದ ಅನ್ರಿ. ಎತ್ತಿನ ಹಗ್ಗ ನಿಮ್ಮ ಕೈಯಾಗಿಲ್ಲ, ಯಾರೋ ಬಂಡಿ ಗೂಟಕ್ಕ ಬಿಗದ್ಯಾರ. ಎತ್ತು ಬೆದರಿದ್ರ ಜಗ್ಗೋದು ಹ್ಯಾಂಗ್ರಿ?”

ಕುಟ್ಟುವ ಸದ್ದು ನಿಂತಿತು. ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ ಎದ್ದು ಚಪ್ಪಲಿ ಹುಡುಕಿದರು.

“ನಡಿ. ನನ್ನ ಕೈನಽ ಬೇಕಲ್ಲ ಅದಕ್ಕ.”

ಸಿರವಾರದ ಮೇಲೆ ಹೋಗುವ ಬಸ್ಸು ಸಿಕ್ಕಿತು, ಅದರಲ್ಲಿ ಸೀಟೂ ಸಿಕ್ಕಿತು. ಬೇರೆ ದಿನವಾಗಿದ್ದರೆ ಇದನ್ನೇ ದೊಡ್ಡ ಭಾಗ್ಯವೆಂದು ಕೈ ಮುಗಿಯುತ್ತಿದ್ದೆ. ಕಂಡಕ್ಟರ್ ಅತ್ತೆಯ ಆಧಾರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ.

“ಅಜ್ಜೀ, ಇದರಾಗ ಇರಾಕಿ ನೀನಽ ಏನು?”

“ನಾನಽ ಅದೀನಿ. ಫೋಟೋ ತೆಗಿಯೋನು ಅಂಜಿಸಿಬಿಟ್ಟ, ಹಂಗ ಬಂದೀನಿ. ಟಿಕೆಟ್ ಹರಿ, ಬಸ್ ಜಲ್ದಿ ಬಿಡ್ಲಿಕ್ಕೆ ಹೇಳು.”

ಸುತ್ತ ಕುಳಿತವರು ನಕ್ಕರು. ನಾನು ನಗಲಿಲ್ಲ. ಫೋನ್ ಹಚ್ಚುತ್ತಲೇ ಇದ್ದೆ. ಕಲ್ಲೂರು ದಾಟಿತು. ಬಿಸಿಲು ಆಗಲೇ ಕಾದಿತ್ತು, ಕಿಟಕಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಸಿರವಾರದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ಗ್ಲಾಸು ಹಿಡಿದು ಯಾರೊಂದಿಗೋ ಮಾತಾಡುತ್ತ ನಿಂತ ಅವನನ್ನು ಕಿಟಕಿಯಿಂದ ನೋಡುತ್ತಿದ್ದರೆ, ಇಳಿದು ಹೋಗಿ ಆ ಗ್ಲಾಸು ಕಿತ್ತುಕೊಳ್ಳಬೇಕೆನಿಸಿತು.

ದೇವರ ಹೆಸರು ಹೇಳೋಣವೆಂದರೆ ಅಂದು ಅದೂ ಕಷ್ಟವಾಯಿತು. ಯಾವ ಸಂಕಟ ಬಂದರೂ ‘ಎಲ್ಲಮ್ಮಾ, ಕಾಯವ್ವಾ’ ಎನ್ನುವವಳು ನಾನು. ಆದರೆ ಅಂದು ನಾನು ಹೊರಟಿದ್ದು ಅವಳದೇ ದಾರವನ್ನು ಬಿಚ್ಚಿಸಲು. ನಿನ್ನ ದಾರದಿಂದ ನನ್ನ ಗಂಡನನ್ನು ಕಾಪಾಡು ಎಂದು ಅವಳಿಗೇ ಹೇಳುವುದು ಹೇಗೆ? ಪಕ್ಕದಲ್ಲಿ ಅತ್ತೆಯ ತುಟಿಗಳು ಅಲುಗುತ್ತಿದ್ದವು. ಅವರು ಅವಳಿಗೆ ಏನು ಹೇಳಿಕೊಳ್ಳುತ್ತಿದ್ದರೋ ನಾನು ಕೇಳಲಿಲ್ಲ.

ಕವಿತಾಳದಲ್ಲಿ ಇಳಿದು ಟಂಟಂ ಆಟೋ ಹತ್ತಿದರೆ ಅದರ ಡ್ರೈವರನೂ ಹೊರಡಲೊಲ್ಲ. “ಇನ್ನಿಬ್ಬರು ಬರ್ಲಿ ತಡೀರಿ,” ಎಂದ.

“ನಾ ಮೂವರ ತೂಕ ಅದೀನಿ, ಕಣ್ಣು ಕಾಣಂಗಿಲ್ಲೇನು?” ಎಂದರು ಅತ್ತೆ. “ಹೊಡಿ ಗಾಡಿ. ಮಗನ ಜೀವದ ಕೆಲಸ ಅದ.”

ಮನೆಯಿಂದ ಹೊರಟಾಗಿನಿಂದ ನಾವಿಬ್ಬರೂ ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಟಂಟಂನವನು ತಕ್ಷಣ ಗಾಡಿ ಶುರು ಮಾಡಿದ.

ಬಾಗಲವಾಡದ ಹೊರಗೆ ಹೊಲದ ದಾರಿಯಲ್ಲಿ ಇಳಿದಾಗ ದೂರದಿಂದ ಮಷಿನ್‌ನ ಸದ್ದು ಕೇಳಿತು. ಆ ಕರ್ಕಶ ಸದ್ದು ಅಷ್ಟು ಹಿತವಾಗಿ ನನಗೆ ಎಂದೂ ಕೇಳಿರಲಿಲ್ಲ. ಸದ್ದು ಇದೆ ಎಂದರೆ ಹಿಡಿದ ಕೈ ಇದೆ. ಬಿರುಕು ಬಿಟ್ಟ ಎರೆ ಹೊಲದಲ್ಲಿ ಅತ್ತೆಯ ರಟ್ಟೆ ಹಿಡಿದು ನಡೆಸತೊಡಗಿದೆ. ಅರ್ಧ ದಾರಿಯಲ್ಲಿ ಸದ್ದು ಒಮ್ಮೆಲೇ ಏರಿತು, ಏನೋ ಬಡಿದಂತಾಯಿತು, ನಿಂತಿತು. ಯಾರೋ “ಏಏ!” ಎಂದು ಕೂಗಿದರು.

ಅತ್ತೆ ನನ್ನ ಕೈ ಕೊಡವಿದರು. “ಓಡು,” ಎಂದರು.

ಓಡಿದೆ. ಚಪ್ಪಲಿ ಒಂದು ಹೊಲದಲ್ಲೇ ಉಳಿಯಿತು. ದನದ ಕೊಟ್ಟಿಗೆಯ ದಾರಿಗೆ ಅಡ್ಡಲಾಗಿ ದೊಡ್ಡ ಬೇವಿನ ಮರ ಬಿದ್ದಿತ್ತು, ಕಾಯಿ ಸಮೇತ ಟೊಂಗೆಗಳೆಲ್ಲ ನೆಲಕ್ಕೆ ಒತ್ತಿ ಬಿಲ್ಲಿನ ಹಾಗೆ ಬಾಗಿದ್ದವು. ನಮ್ಮ ಮನೆಯವರು ಕಾಂಡದ ಮೇಲೆ ಕುಳಿತಿದ್ದರು. ಮಷಿನ್ ಆರಿ ನೆಲದ ಮೇಲಿತ್ತು. ಹೊಲದ ಯಜಮಾನ ನೀರಿನ ಬಾಟಲಿ ಹಿಡಿದು ನಿಂತಿದ್ದ. ನಮ್ಮ ಮನೆಯವರ ತಲೆ, ಮುಖ, ಕುತ್ತಿಗೆ, ಎರಡು ಕೈ, ಎಲ್ಲ ಕಣ್ಣಲ್ಲೇ ತಡವಿ ನೋಡಿದೆ. ರಕ್ತ ಎಲ್ಲೂ ಇರಲಿಲ್ಲ. ಹೆಗಲ ಮೇಲಿನ ಟವೆಲ್ ಮಾತ್ರ ಈ ತುದಿಯಿಂದ ಆ ತುದಿಗೆ ಸೀಳಿತ್ತು.

“ನೀ ಯಾಕ ಬಂದಿ?” ಎಂದರು, ನಾನೇ ತಪ್ಪು ಮಾಡಿದವಳೆಂಬಂತೆ.

“ಟವೆಲ್ ಏನಾತ್ರಿ?”

“ಮುಳ್ಳಿಗೆ ಸಿಕ್ಕು ಹರೀತು.”

“ಬೇವಿನ ಗಿಡಕ್ಕ ಯಾವಾಗಿಂದ ಮುಳ್ಳು ಬಂದಾವ್ರಿ?”

ಅವರು ನೀರು ಕುಡಿಯತೊಡಗಿದರು. ಯಜಮಾನನೇ ಹೇಳಿದ. “ಸುಳ್ಳು ಯಾಕ ಹೇಳ್ಬೇಕು ಯವ್ವಾ. ಮೂತಿ ಆ ಒಳಗಿನ ಟೊಂಗಿಗಿ ತಾಗ್ತು ನೋಡು, ಮಷಿನ್ ಬೆದರಿದ ಹೋತಿನಂಗ ಎಗರಿ ಬಂತು. ಪುಣ್ಯಾತ್ಮ ಬಾಜೂಕ ನಿಂತಿದ್ದ, ಹೆಗಲ ಮ್ಯಾಲಿಂದ ಹಾದು ಹೋತು.”

ಬದಿಗೆ ನಿಲ್ಲುವುದು ಅವರ ರೂಢಿ. ಪಟ್ಟಿಯ ನೇರಕ್ಕೆ ಕುತ್ತಿಗೆ ಇಡಬಾರದು, ಎಡಗೈ ಸೆಟೆದಿರಬೇಕು ಎಂದು ಮಿಸ್ತ್ರಿ ಮೊದಲ ದಿನವೇ ಕಲಿಸಿದ್ದನ್ನು ಬಿಟ್ಟವರಲ್ಲ. ಟವೆಲ್ ಹೆಗಲ ಮೇಲೆ ಇಳಿಬಿಡಬೇಡಿ ಎಂದೂ ಮಿಸ್ತ್ರಿಯೇ ಹೇಳಿದ್ದರು, ಅದನ್ನು ಮಾತ್ರ ಇವರು ಕೇಳಲಿಲ್ಲ. ಒಂದು ಮಾತು ಕೇಳಿದ್ದಕ್ಕೆ ಜೀವ ಉಳಿಯಿತು, ಇನ್ನೊಂದು ಕೇಳದ್ದಕ್ಕೆ ಟವೆಲ್ ಹೋಯಿತು. ಲೆಕ್ಕ ನಮ್ಮ ಕಡೆಗೇ ಉಳಿಸಿದ್ದಾಳೆ ತಾಯಿ ಎಂದುಕೊಂಡೆ. ಆದರೆ ಕಣ್ಣು ನೆಲದ ಮೇಲಿನ ಮಷಿನ್ ಮೇಲೆ ಬಿತ್ತು. ಅರಿಶಿನದ ದಾರ ಎಣ್ಣೆ ಕುಡಿದು ಕಪ್ಪಾಗಿ ಬಿಗಿದುಕೊಂಡೇ ಇತ್ತು. ಸಿಟ್ಟು ನೆತ್ತಿಗೇರಿತು.

“ಒದ್ದ ಮ್ಯಾಲೂ ಬಿಚ್ಚಿಲ್ಲಲ್ರೀ! ಮತ್ತೊಮ್ಮಿ ಒದೀಲಿ ಅಂತ ಕುಂತೀರೇನು?”

ಅವರು ಹೊಲದ ಕಡೆ ನೋಡಿದರು. ಅತ್ತೆ ಏದುಸಿರು ಬಿಡುತ್ತ, ಕೈಯಲ್ಲಿ ನನ್ನ ಚಪ್ಪಲಿ ಹಿಡಿದು ಬರುತ್ತಿದ್ದರು. “ಹರಕಿ ಅವ್ವಂದು,” ಎಂದರು ಮನೆಯವರು ಸಣ್ಣ ದನಿಯಲ್ಲಿ. “ನಾ ಬಿಚ್ಚಿ, ಆಕೀಗಿ ಏನಾರ ಆದ್ರ?”

ಅತ್ತೆಯ ಕಿವಿ ಚುರುಕು.

“ನನಗ ಆಗೋದು ಇನ್ನೇನು ಉಳದದೋ ಮೂಳಾ? ಹಲ್ಲು ಹೋದ್ವು, ಕಣ್ಣು ಹೊಂಟಾವ. ನಿನಗ ಆದ್ರ ಈಕಿ ಏನ್ ಮಾಡ್ಬೇಕು, ನಾ ಯಾರ ಮಾರಿ ನೋಡ್ಬೇಕು?” ಎಂದು ಮಗನ ಬೆನ್ನಿಗೆ ಚಪ್ಪಲಿಯಿಂದಲೇ ಒಂದು ಕೊಟ್ಟರು. ಆಮೇಲೆ ಸೀಳಿದ ಟವೆಲ್ಲನ್ನು ಎತ್ತಿ ಅದರ ಕೆಳಗಿನ ಹೆಗಲನ್ನು ಸವರಿ ಸವರಿ ನೋಡಿದರು. “ಕೊಡು ಇಲ್ಲಿ ಆ ರಾಕ್ಷಸನ್ನ.”

ಮನೆಯವರು ಮೊದಲು ಪ್ಲಗ್ಗಿನ ವೈರು ಕಿತ್ತರು, ಪಟ್ಟಿಗೆ ಕವರು ತೊಡಿಸಿದರು. ಆಮೇಲೆ ಮಷಿನ್ ತಂದು ಅತ್ತೆಯ ಮುಂದಿಟ್ಟರು. ಅತ್ತೆ ಕೈ ಮುಗಿದು ಗಂಟಿಗೆ ಉಗುರು ಹಚ್ಚಿದರು. ಎಣ್ಣೆ, ಕಟ್ಟಿಗೆಯ ಪುಡಿ, ಬಿಸಿಲು ಸೇರಿ ಗಂಟು ಕಲ್ಲಾಗಿತ್ತು. ಬೆರಳು ಜಾರಿದವು. ಯಜಮಾನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

“ಸುಟ್ಟ್ರ ಆತಿಲ್ಲೋ?”

“ಏ, ಏ! ಪೆಟ್ರೋಲ್ ಅದೋ ಮಾರಾಯ!” ಮನೆಯವರು ಅವನ ಕೈ ಹಿಡಿದು ದೂರಕ್ಕೆ ಎಳೆದರು. ಅವನು ಪೊಟ್ಟಣ ಒಳಗಿಟ್ಟು ಕುಡಗೋಲು ತಂದ. “ಕಬ್ಬಿಣ ಬ್ಯಾಡ,” ಎಂದರು ಅತ್ತೆ.

ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ಹಲ್ಲು ಗಟ್ಟಿ ಅದಾವಲ್ಲ. ಗಂಟು ನಾ ಹಿಡಕೊಂಡಿರ್ತೀನಿ, ನೀ ಕಡಿ. ಕೈ ನಂದಽ ಆತು.”

ಹೊಲದ ನಡುವೆ, ಪರರ ಮುಂದೆ, ಮಷಿನ್ ಮೇಲೆ ಬಾಗಿ ಹಲ್ಲಿನಿಂದ ದಾರ ಕಡಿದೆ. ಬಾಯಿ ತುಂಬ ಎಣ್ಣೆ, ಭಂಡಾರ, ಪೆಟ್ರೋಲಿನ ಘಾಟು. ಒಂದೊಂದು ಎಳೆ ಹರಿದಾಗಲೂ ಅತ್ತೆಯ ಹೆಬ್ಬೆರಳು ನನ್ನ ಕೆನ್ನೆಗೆ ತಾಗುತ್ತಿತ್ತು. ಕೊನೆಯ ಎಳೆ ಬಿಟ್ಟಾಗ ಅವರು ದಾರವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ನಾನು ಉಗುಳಿ ಬಾಯಿ ಮುಕ್ಕಳಿಸಿದೆ.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ಮನೆಯವರು ಗುರಾಣಿಯನ್ನು ಮುಂದಕ್ಕೆ ನೂಕಿದರು. ಅದು ಹೋಗಲಿಲ್ಲ. ಅಂಗೈ ಇಟ್ಟು ಒತ್ತಿದರು. ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಅವರ ಮುಖ ಬಣ್ಣಗೆಟ್ಟಿತು. ದಿನಾ ಕೆಲಸಕ್ಕೆ ಮುಂಚೆ ಅದನ್ನೊಮ್ಮೆ ನೂಕಿ ನೋಡುವುದು ಅವರ ರೂಢಿ, ಅಂದು ದಾರವಿದೆ ಎಂದು ನೋಡಿರಲಿಲ್ಲ. ಬದಿಯ ಮುಚ್ಚಳ ಬಿಚ್ಚಿದರೆ ಒಳಗೆ ಕಟ್ಟಿಗೆಯ ಪುಡಿ, ಎಣ್ಣೆ, ಕುಂಕುಮ, ಭಂಡಾರ ಕಲಸಿ ಕಣಕದ ಹಾಗೆ ಮೆತ್ತಿಕೊಂಡಿತ್ತು. ಕುಂಕುಮ ಅಂಟಿ ನಿಲ್ಲಲೆಂದು ಅದನ್ನು ಎಣ್ಣೆಯಲ್ಲಿ ಕಲಸಿ ಸಂದುಗೊಂದಿಗೆಲ್ಲ ಹಚ್ಚಿದವಳು ನಾನೇ. ಅತ್ತೆ ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಆ ಹೊತ್ತಿನಲ್ಲಿ ಏನೂ ಅನ್ನದಿದ್ದುದನ್ನು ನಾನು ಮರೆಯುವುದಿಲ್ಲ.

ಯಜಮಾನನ ಮನೆಯಿಂದ ಹಳೆಯ ಹಲ್ಲುಜ್ಜುವ ಬ್ರಷ್ ಬಂತು. ಕೆದರಿ, ಒರೆಸಿ, ಮತ್ತೆ ಕೆದರಿ ಕೂಡಿಸಿದರು. ಗುರಾಣಿ ಟಕ್ಕೆಂದು ಮುಂದಕ್ಕೆ ಹೋಯಿತು. ವೈರು ಹಚ್ಚಿ, ನೆಲಕ್ಕೆ ಗಟ್ಟಿಯಾಗಿ ಊರಿ ಹಗ್ಗ ಎಳೆದರು. ಚೈನು ಓಡುತ್ತಿರುವಾಗಲೇ ಹಿಡಿಕೆ ಬಿಡದೆ ಮುಂಗೈಯಿಂದ ಗುರಾಣಿ ನೂಕಿದರು. ಚೈನು ನಿಂತಿತು.

“ಇನ್ನೊಮ್ಮಿ ಮಾಡು,” ಎಂದರು ಅತ್ತೆ.

ಮಾಡಿದರು. ನಿಂತಿತು.

“ಹೂಂ. ಇನ್ನೊಮ್ಮಿ.”

ಇವತ್ತಿಗೆ ಸಾಕು, ಮನೆಗೆ ನಡೆಯಿರಿ ಎಂದೆ. ದನ ಕೊಟ್ಟಿಗೆಯಲ್ಲೇ ಸಿಕ್ಕಿಕೊಂಡಿವೆ, ದಾರಿ ಬಿಡಿಸದೆ ಹೋಗುವುದು ಹೇಗೆ ಎಂದರು. ಅದೂ ನಿಜ, ಒಳಗೆ ಎಮ್ಮೆ ಒದರುತ್ತಿತ್ತು. ಬೈಕಿಗೆ ಸಿಕ್ಕಿಸಿಟ್ಟಿದ್ದ ಜಾಲರಿಯ ಹೆಲ್ಮೆಟ್ ತಂದು ನಾನೇ ಅವರ ತಲೆಗೆ ಇಟ್ಟೆ. ಸೆಕೆ ಎಂದು ಗೊಣಗಿದರು. “ಸೆಕಿ ಆದ್ರ ನೀರು ಹಾಕ್ತೀನ್ರಿ,” ಎಂದೆ. ಟವೆಲ್ ಕಸಿದುಕೊಂಡೆ. ಅವರು ಮೊದಲು ಕೊಡಲಿಯಿಂದ ಸಣ್ಣ ಟೊಂಗೆ ಸವರಿ ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವಂತೆ ಮಾಡಿಕೊಂಡರು, ಆಮೇಲೆ ಮಷಿನ್ ಎತ್ತಿದರು. ನಮ್ಮನ್ನು ಮರದ ಉದ್ದಕ್ಕಿಂತ ದೂರ ಕಳಿಸಿದರು. ಅಲ್ಲಿ ಕುಳಿತು ನೋಡಿದೆ. ಸದ್ದು ಏರಿದಾಗ ಒಂದು ಅಂಜಿಕೆ, ಇಳಿದಾಗ ಇನ್ನೊಂದು. ಎಮ್ಮೆಗಳು ಹೊರಗೆ ಬಂದು ಬಾಲ ಬೀಸುತ್ತ ನೀರಿಗೆ ಹೋದ ಮೇಲೆಯೇ ನನ್ನ ಬೆನ್ನು ಸಡಿಲವಾದದ್ದು.

ಸಂಜೆ ಮನೆಯಲ್ಲಿ ಅತ್ತೆ ಸೆರಗಿನಿಂದ ದಾರ ಬಿಚ್ಚಿ ದೇವರ ಮುಂದೆ ಇಟ್ಟರು.

“ನೀರಮಾನ್ವಿಗೆ ಹೋದಾಗ ಆಕೀಗೇ ಕೊಡ್ತೀನಿ. ತಪ್ಪಾಗಿದ್ರ ನನಗ ಹೇಳ್ಲಿ, ಮಗಗ ಬ್ಯಾಡ,” ಎಂದರು. ಆಮೇಲೆ ನನ್ನನ್ನು ಕರೆದರು. “ಮುಂದಿನ ಅಮಾಸಿಗೆ ಕುಂಕುಮ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು, ಮಿಸ್ತ್ರಿಗೆ ಫೋನ್ ಹಚ್ಚಿ ಕೇಳು.”

ಕೇಳಿದೆ. ಮಿಸ್ತ್ರಿ ನಗಲಿಲ್ಲ. “ಹಿಂದಿನ ಹಿಡಿಕಿ ಮ್ಯಾಲ ಒಂದು ಬಟ್ಟು ಒಣ ಕುಂಕುಮ ಸಾಕು ಭಾಬಿ. ದಾರ ಮಷಿನ್ ಇಡೋ ಪೆಟ್ಟಿಗಿಗಿ ಕಟ್ಟ್ರಿ,” ಎಂದರು. ಅತ್ತೆಗೆ ಹೇಳಿದೆ. ಒಪ್ಪಿದರೋ ಇಲ್ಲವೋ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಮರುದಿನ ಮುಂಜಾನೆ ಮನೆಯವರು ದೇವದುರ್ಗದ ಕಡೆ ಜಾಲಿ ಕಡಿಯಲು ಹೊರಟರು. ಬೈಕಿಗೆ ಮಷಿನ್ ಕಟ್ಟುವ ಮುಂಚೆ ಅಂಗಳದಲ್ಲಿ ನಿಂತು, ಅವ್ವನಿಗೆ ಕಾಣುವಂತೆ, ಗುರಾಣಿ ನೂಕಿ ತೋರಿಸಿದರು. ಟಕ್. ಅತ್ತೆ ತಲೆಯಾಡಿಸಿದರು. ಬೈಕು ಓಣಿಯ ತಿರುವಿನಲ್ಲಿ ಮರೆಯಾಯಿತು. ಒಳಗೆ ಹೋಗಬೇಕೆಂದರೂ ಕಾಲು ಬಾಗಿಲಲ್ಲೇ ನಿಂತಿತ್ತು. ಅಷ್ಟರಲ್ಲಿ ನೀರು ಬಿಟ್ಟಿದ್ದಾರೆಂದು ಪಕ್ಕದ ಮನೆಯಾಕೆ ಕೂಗಿದಳು. ಕೊಡಗಳನ್ನು ಹೊರಗೆ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ನಲ್ಲಿಗೆ ಹಿಡಿದೆ.